ಪೋರ್ಟ್ ಕ್ಲಾರಾಕ್ಕೆ ಹೊರಟ ಚೀಲ

ಬೇಕರಿಯ ಮುಂದಿನ ಸಾಲಿನಲ್ಲಿ ಸೇಸಪ್ಪನ ಎದುರಿಗೆ ಹದಿನೇಳು ಬೆನ್ನುಗಳಿದ್ದವು. ಒಂದೂವರೆ ತಿಂಗಳಿಂದ ದಿನಾ ಬೆಳಿಗ್ಗೆ ಇದೇ ಸಾಲಿನಲ್ಲಿ ನಿಂತು ಅವನಿಗೆ ಕುವೈತಿನ ರುಮೈಥಿಯಾದ ಜನರ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚಾಗಿತ್ತು: ಬೆವರಿನ ಪಟ್ಟೆಯವನು, ಒಂದು ಭುಜ ಇಳಿದವನು, ಕಾಲರ್ ತಿರುಗಿಸಿ ಹೊಲಿಸಿಕೊಂಡವನು. ಅವನ ಹಿಂದೆ ನಿಂತವರಿಗೆ ಮಾತ್ರ ಅವನ ಬೆನ್ನು ಕಾಣುವಂತಿರಲಿಲ್ಲ. ಅಲ್ಲಿ ಕತ್ತಿನಿಂದ ಸೊಂಟದ ತನಕ ಒಂದು ನೀಲಿ ಚೀಲ ಜೋತುಬಿದ್ದಿತ್ತು. ಎರಡು ಹೆಗಲಪಟ್ಟಿ, ಸೊಂಟಕ್ಕೊಂದು ಬೆಲ್ಟು, ಎದೆಗೊಂದು ಕೊಕ್ಕೆ, ಚಾಪೆ ಸುತ್ತಿ ಸಿಕ್ಕಿಸಲು ಅಡಿಯಲ್ಲಿ ಎರಡು ಕುಣಿಕೆ. ಜಗತ್ತು ಸುತ್ತುವ ಬಿಳಿಯ ಹುಡುಗರು ಹೊರುವಂಥ ಚೀಲ. ಜೂನ್ ತಿಂಗಳಲ್ಲಿ ಸಾಲ್ಮಿಯಾದ ಅಂಗಡಿಯಲ್ಲಿ ಕೊಳ್ಳುವಾಗ ಅದು ಕೆರಿಬಿಯನ್ ಕಡಲಿನ ಗಾಳಿ ಕುಡಿಯಲಿದೆ ಎಂದು ಅವನು ನಂಬಿದ್ದ. ಆಗಸ್ಟ್ ಎರಡಕ್ಕೆ ಇರಾಕಿನ ಸೈನ್ಯ ಬಂದು ಕೂತ ಮೇಲೆ ಅದರೊಳಗೆ ಬೀಳುತ್ತಿದ್ದದ್ದು ದಿನಕ್ಕಿಷ್ಟು ಕುಬ್ಬೂಸ್, ಸಿಕ್ಕಿದ ದಿನ ಈರುಳ್ಳಿ. ತಿರುವಿನಲ್ಲಿ ಕಾವಲು ನಿಂತ ಸಿಪಾಯಿಗಳು ಮೊದಲ ವಾರ ಚೀಲವನ್ನು ಮಗುಚಿ ಕೊಡವಿ ನೋಡಿದರು. ಆಮೇಲೆ ಅವನಿಗೆ ‘ಅಬು ಕುಬ್ಬೂಸ್’, ರೊಟ್ಟಿಯಪ್ಪ, ಎಂದು ಹೆಸರಿಟ್ಟು ಕೈಬೀಸಿ ಬಿಟ್ಟುಬಿಡುತ್ತಿದ್ದರು. ಇವತ್ತೂ ಬಿಟ್ಟರು. ಇವತ್ತು ಮಾತ್ರ ಚೀಲದ ತಳದಲ್ಲಿ ಎರಡು ಶರ್ಟು, ಮೈ ಒರೆಸುವ ಒಂದು ಬೈರಾಸು, ನೀರಿನ ಬಾಟಲಿ ಮತ್ತು ಅವನ ಪಾಸ್‌ಪೋರ್ಟು ಇದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಸಾಲ್ಮಿಯಾದ ಶಾಲೆಯ ಎದುರಿನಿಂದ ಬಸ್ಸು ಹೊರಡುವುದಿತ್ತು. ಬಸ್ರಾ, ಬಗ್ದಾದ್, ಅಮ್ಮಾನ್, ಅಲ್ಲಿಂದ ಬೊಂಬಾಯಿಗೆ ವಿಮಾನ. ಪಟ್ಟಿಯಲ್ಲಿ ಅವನ ಹೆಸರಿತ್ತು. ಅವನಿಗೆ ತಲೆಯ ಮೇಲೊಂದು ಸೂರು ಕೊಟ್ಟ ಮುದುಕ ಅಹ್ಮದ್ ಬಾವಾನ ಹೆಸರು ಇರಲಿಲ್ಲ, ಅದು ಅಹ್ಮದ್ ಬಾವಾನಿಗೆ ಗೊತ್ತಿರಲಿಲ್ಲ.

ಬೇಕಾದದ್ದನ್ನೆಲ್ಲ ಹಾಸಿಗೆಯ ಮೇಲೆ ಹರಡಿ, ಅದರಲ್ಲಿ ಅರ್ಧ ತೆಗೆದಿಡಿ, ಉಳಿದದ್ದರಲ್ಲಿ ಮತ್ತೆ ಅರ್ಧ ತೆಗೆದಿಡಿ ಎಂದು ಪುಸ್ತಕ ಹೇಳಿತ್ತು. ಚೀಲ ಬೆನ್ನಿಗೆ ಭಾರವಾದರೆ ಊರು ಕಣ್ಣಿಗೆ ಭಾರವಾಗುತ್ತದಂತೆ. ಪುಸ್ತಕ ಅದೇ ಕೋಣೆಯಲ್ಲಿದ್ದ ಗೆಳೆಯ ಮೋರಿಸ್ ತಂದದ್ದು, ಶುಕ್ರವಾರದ ಗುಜರಿ ಸಂತೆಯಿಂದ, ರಟ್ಟಿಲ್ಲದ ದಪ್ಪ ಇಂಗ್ಲಿಷ್ ಪುಸ್ತಕ. ಕಡಿಮೆ ಖರ್ಚಿನಲ್ಲಿ ಕೆರಿಬಿಯನ್ ದ್ವೀಪಗಳನ್ನು ಸುತ್ತುವುದು ಹೇಗೆಂದು ಯಾರೋ ಅಲೆಮಾರಿ ಬರೆದದ್ದು. ಅದರಲ್ಲಿ ಪೋರ್ಟ್ ಕ್ಲಾರಾ ಎಂಬ ಊರಿಗೆ ಹನ್ನೊಂದು ಪುಟ. ಮರಳಿನ ಮೇಲೇ ಅಂಗಡಿಗಳು, ಸಂಜೆಯಾದರೆ ಡ್ರಮ್ಮು, ಎರಡು ತೆಂಗಿನಮರಗಳ ನಡುವೆ ಬಾಡಿಗೆಗೆ ಸಿಗುವ ಬಲೆಯ ತೊಟ್ಟಿಲು, ಕರಿದ ಹಿಟ್ಟಿನ ಜೊತೆ ಉಪ್ಪುಮೀನು. ಒಂದು ಕೋಣೆಯಲ್ಲಿ ಎಂಟು ಮಂಚ, ಒಂದೇ ಅಡುಗೆಮನೆ, ನಿಮ್ಮ ಬ್ರೆಡ್ಡಿನ ಮೇಲೆ ನಿಮ್ಮ ಹೆಸರು ಬರೆದಿಡಿ. ಇದನ್ನು ಮೋರಿಸ್ ಓದಿ ಹೇಳಿದ ದಿನ ಸೇಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಅಲ್ಲ ಮಾರಾಯ, ಒಂದು ಕೋಣೆಯಲ್ಲಿ ಎಂಟು ಜನ ನಾವು ಇಲ್ಲೇ ಬಿದ್ದಿದ್ದೇವೆ. ನನ್ನ ಮೊಟ್ಟೆ ಮೇಲೆ ಹೆಸರು ಬರೆದಿಟ್ಟರೂ ಯಾರೋ ತಿಂತಾರೆ. ಇದಕ್ಕೆ ಅಷ್ಟು ದೂರ ಹೋಗ್ಬೇಕಾ?” ಮೋರಿಸ್ ನಗಲಿಲ್ಲ. “ಇಲ್ಲಿ ಬಿದ್ದಿರುದು ಬೇರೆ, ಅಲ್ಲಿ ಬಿದ್ದಿರುದು ಬೇರೆ. ಅಲ್ಲಿ ನಿನ್ನನ್ನು ಯಾರೂ ಎಬ್ಬಿಸುದಿಲ್ಲ,” ಎಂದ. ಆ ಮಾತು ಸೇಸಪ್ಪನ ಎದೆಗೆ ನಾಟಿಬಿಟ್ಟಿತು. ಮೂವತ್ತಾರು ವರ್ಷದ ಬಾಳಿನಲ್ಲಿ ಯಾರೂ ಎಬ್ಬಿಸದ ಒಂದು ಬೆಳಗು ಅವನಿಗೆ ನೆನಪಿರಲಿಲ್ಲ. ಊರಲ್ಲಿ ಅಪ್ಪ ಎಬ್ಬಿಸುತ್ತಿದ್ದ, ಮದುವೆಯಾದ ಮೇಲೆ ಚಂಪಾ, ಇಲ್ಲಿ ಕಂಪನಿಯ ವ್ಯಾನಿನ ಹಾರ್ನು.

ಹಾಗಾಗಿ ಅವನು ಹೆಂಡತಿಗೆ ಸುಳ್ಳು ಬರೆದ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಈ ಸಲ ಸಿಗಲಿಲ್ಲ, ಕಂಪನಿಯವರದು ಕಲ್ಲುಮನಸ್ಸು, ನಾನು ಎಷ್ಟು ಕೇಳಿಕೊಂಡರೂ ಆಗಲಿಲ್ಲ. ಬರೆಯುತ್ತ ಬರೆಯುತ್ತ ಅವನಿಗೇ ಕಂಪನಿಯ ಮೇಲೆ ನಿಜವಾಗಿ ಸಿಟ್ಟು ಬಂದಿತ್ತು, ಅಷ್ಟು ಚೆನ್ನಾಗಿ ಬರೆದಿದ್ದ. ಮುಲ್ಕಿಯಿಂದ ಚಂಪಾಳ ಉತ್ತರ ಜುಲೈ ಕೊನೆಗೆ ಬಂತು: ‘ನಿಮ್ಮನ್ನು ಹೀಗೆ ಗೋಳು ಹೊಯ್ದುಕೊಂಡ ಆ ಕಂಪನಿ ಉದ್ಧಾರ ಆಗಲಿಕ್ಕಿಲ್ಲ.’ ಎರಡು ವಾರ ಕಳೆಯುವುದರೊಳಗೆ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಆ ಕಂಪನಿಯ ಗೋದಾಮಿನಲ್ಲಿ ಒಂದು ಮೊಳೆಯೂ ಉಳಿಯಲಿಲ್ಲ, ಎಲ್ಲ ಲಾರಿ ಹತ್ತಿ ಉತ್ತರಕ್ಕೆ ಹೋಯಿತು. ಚಂಪಾಳ ಬಾಯಿಯ ಬಗ್ಗೆ ಅವನಿಗೆ ಮೊದಲಿಂದಲೂ ಸ್ವಲ್ಪ ಹೆದರಿಕೆ ಇತ್ತು, ಈಗ ಇನ್ನೂ ಹೆಚ್ಚಾಯಿತು. ಅವಳಿಗೆ ನಿಜ ಗೊತ್ತಾದರೆ ಆ ಬಾಯಿ ತನ್ನ ಕಡೆ ತಿರುಗುತ್ತದಲ್ಲ ಎಂದು ಸಾಲಿನಲ್ಲಿ ನಿಂತಲ್ಲೇ ಬೆವರುತ್ತಿದ್ದ. ಬೆವರಿಗೆ ಸೆಪ್ಟೆಂಬರ್ ಬಿಸಿಲೊಂದೇ ಕಾರಣವಲ್ಲ. ಎದುರಿನ ಬೆನ್ನುಗಳು ಹದಿನಾಲ್ಕಕ್ಕೆ ಇಳಿದವು.

ಮೋರಿಸ್ ಅದೇ ಕಂಪನಿಯ ಆಫೀಸಿನಲ್ಲಿ ಟೈಪಿಸ್ಟು, ಸೇಸಪ್ಪ ಹಿಂದಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್. ನೌಕರರ ಪಾಸ್‌ಪೋರ್ಟುಗಳೆಲ್ಲ ಆಫೀಸಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡು ಹಾಕಿಸಿಕೊಂಡು ಮಲಗಿರುತ್ತಿದ್ದವು; ರಜೆ ಮಂಜೂರಾದವನು ರಿಜಿಸ್ಟರಿನಲ್ಲಿ ಸಹಿ ಹಾಕಿ ತನ್ನದನ್ನು ಬಿಡಿಸಿಕೊಳ್ಳಬೇಕು. “ನೀನು ಗೋದಾಮು ಬಿಟ್ಟು ಬರುದು ಬೇಡ, ನಿಂದೂ ನಾನೇ ತರ್ತೇನೆ,” ಎಂದಿದ್ದ ಮೋರಿಸ್. ಆಗಸ್ಟ್ ಮೂರಕ್ಕೆ ಇಬ್ಬರಿಗೂ ಟಿಕೆಟ್ಟು. ಒಂದನೇ ತಾರೀಖು ಮಧ್ಯಾಹ್ನ ಅವನು ಗೋದಾಮಿನ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಇಸ್ತ್ರಿ ಮಾಡಿದ ಶರ್ಟು, ಆಗ ತಾನೇ ಕತ್ತರಿಸಿದ ಕೂದಲು. “ಬರ್ತೇನೆ ಸೇಸಪ್ಪಾ,” ಎಂದ. ಸೇಸಪ್ಪ ಫ್ಯಾನ್ ಬೆಲ್ಟುಗಳನ್ನು ಎಣಿಸುತ್ತಿದ್ದ. ಲೆಕ್ಕ ತಪ್ಪಬಾರದೆಂದು ತಲೆಯೆತ್ತದೆ “ಬಾ” ಎಂದ. ಅಷ್ಟೇ. ಎಷ್ಟು ಸಲ ಮಗುಚಿ ಹಾಕಿದರೂ ಅಷ್ಟೇ ಇತ್ತು. ಬರ್ತೇನೆ ಎಂದರೆ ಸಂಜೆ ಪಾಸ್‌ಪೋರ್ಟು ಹಿಡಿದುಕೊಂಡು ಬರುತ್ತೇನೆ ಎಂದು ಇವನು ತಿಳಿದ. ಆದರೆ ನಮ್ಮ ಕಡೆ ಹೋಗುವವನೂ ಅದನ್ನೇ ಅಲ್ಲವೇ ಹೇಳುವುದು. ಹೆಣ್ಣು ಗಂಡನ ಮನೆಗೆ ಹೊರಡುವಾಗ, ಗಂಡು ಬೊಂಬಾಯಿಗೆ ಬಸ್ಸು ಹತ್ತುವಾಗ, ಇನ್ನು ಹತ್ತು ವರ್ಷ ಮುಖ ತೋರಿಸದವನೂ ಹೊಸಿಲು ದಾಟುವಾಗ ಬರ್ತೇನೆ ಎನ್ನುತ್ತಾನೆ. ತುಳುವಾದರೂ ಅಷ್ಟೆ, ಮೋರಿಸನ ಮನೆಮಾತು ಕೊಂಕಣಿಯಾದರೂ ಅಷ್ಟೆ. ಹೋಗುತ್ತೇನೆ ಎಂದು ಹೇಳುವ ಬಾಯಿ ನಮಗಿಲ್ಲ. ಅದನ್ನು ಕೇಳಿಸಿಕೊಂಡು ದೊಡ್ಡವರು “ಹೋಗಿ ಬಾ” ಎನ್ನುತ್ತಾರೆ. ಇವನು ಬರೀ “ಬಾ” ಎಂದ, ತಲೆಯನ್ನೂ ಎತ್ತದೆ.

ಆ ಸಂಜೆ ಸೇಸಪ್ಪ ಇಬ್ಬರಿಗಾಗುವಷ್ಟು ಅನ್ನಕ್ಕಿಟ್ಟು ಬಂಗುಡೆ ಸಾರು ಮಾಡಿ ಕಾದ. ಮೋರಿಸನ ಚೀಲ ಕೋಣೆಯಲ್ಲಿರಲಿಲ್ಲ, ಪಟ್ಟಿ ಹೊಲಿಸಬೇಕೆಂದು ಬೆಳಿಗ್ಗೆಯೇ ಒಯ್ದಿದ್ದ. ಮೋರಿಸನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ಚೀಲದ ಬೆಲ್ಟು ಬಿಗಿ ಮಾಡಿ ನೋಡಿ, ಸಡಿಲ ಮಾಡಿ, ಕೋಣೆಯ ಉಳಿದ ಆರು ಜನ “ಎಂತ ಸೇಸಪ್ಪಣ್ಣ, ಚಂದ್ರಲೋಕಕ್ಕೆ ಹೊರಟದ್ದಾ?” ಎಂದು ತಮಾಷೆ ಮಾಡಿದ್ದಕ್ಕೆ ನಕ್ಕು, ಕಾಯುತ್ತ ಕೂತಲ್ಲೇ ನಿದ್ದೆ ಹೋದ. ಬೆಳಿಗ್ಗೆ ಅವನನ್ನು ಎಬ್ಬಿಸಿದ್ದು ವ್ಯಾನಿನ ಹಾರ್ನಲ್ಲ, ಟ್ಯಾಂಕಿನ ಸದ್ದು. ಮುಂದಿನ ದಿನಗಳನ್ನು ನೆನೆದರೆ ಅವನಿಗೆ ಈಗಲೂ ಮುಖ ಬಿಸಿಯಾಗುತ್ತದೆ, ಏಕೆಂದರೆ ಆ ದಿನಗಳಲ್ಲೆಲ್ಲ ಅವನು ಮೋರಿಸನಿಗಾಗಿ ಅತ್ತಿದ್ದ. ಪಾಪ, ಪಾಸ್‌ಪೋರ್ಟು ತರಲು ಹೋಗಿ ಎಲ್ಲಿ ಸಿಕ್ಕಿಹಾಕಿಕೊಂಡನೋ. ನನ್ನ ಕೆಲಸಕ್ಕೆ ಹೋಗಿ ಹೀಗಾಯಿತಲ್ಲ. ಎರಡು ಆಸ್ಪತ್ರೆಗೆ ನಡೆದುಕೊಂಡು ಹೋಗಿ, ಗೋಡೆಗೆ ಹಚ್ಚಿದ ಹೆಸರುಗಳಲ್ಲಿ ಎಂ ಅಕ್ಷರ ಹುಡುಕಿದ. ಎಂಟನೇ ತಾರೀಖು ಕೋಣೆಯವರು ಆರೂ ಜನ ಒಂದು ಪಿಕಪ್ಪು ಗೊತ್ತುಮಾಡಿ ಮರುಭೂಮಿಯ ದಾರಿಯಲ್ಲಿ ಹೊರಟರು, ಇವನಿಗೂ ಜಾಗವಿತ್ತು. “ಇಲ್ಲ, ಮೋರಿಸ್ ಬರ್ತಾನೆ. ನನ್ನ ಪಾಸ್‌ಪೋರ್ಟು ಅವನ ಹತ್ತಿರ ಉಂಟು. ಬರ್ತೇನೆ ಅಂತ ಹೇಳಿ ಹೋಗಿದ್ದಾನೆ,” ಎಂದು ಇವನು ಉಳಿದುಕೊಂಡ. ಎರಡು ಓಣಿ ಆಚೆ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಉಳ್ಳಾಲದ ಮುದುಕ ಅಹ್ಮದ್ ಬಾವಾ, ಊರಿನವರ ಬಾಯಲ್ಲಿ ‘ಬಾವಾಕ’, ಅವತ್ತು ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ, ಅಂಗಡಿಯ ಹಿಂದಿನ ಸಾಮಾನಿನ ಕೋಣೆಯಲ್ಲಿ ಒಂದು ಚಾಪೆ ಹಾಸಿಕೊಟ್ಟು, ಸಕ್ಕರೆ ಹೆಚ್ಚು ಹಾಕಿದ ಕಪ್ಪು ಚಹಾ ಕುಡಿಸಿದ. “ಅಳ್ಬೇಡ. ಒಳ್ಳೆಯ ಜನ ಎಲ್ಲಿದ್ದರೂ ದೇವರು ನೋಡ್ತಾನೆ,” ಎಂದ. ಒಳ್ಳೆಯ ಜನ ಎಂದದ್ದು ಮೋರಿಸನಿಗೆ.

ಹದಿಮೂರನೇ ತಾರೀಖು ಸೇಸಪ್ಪ ಜೀವ ಕೈಯಲ್ಲಿ ಹಿಡಿದುಕೊಂಡು ಶುವೈಖಿಗೆ ಹೋದ. ಆಫೀಸಿನ ಬಾಗಿಲಿರಲಿಲ್ಲ, ಕುರ್ಚಿಗಳಿರಲಿಲ್ಲ, ಗೋಡೆಯ ಏಸಿ ಇದ್ದಲ್ಲಿ ಚೌಕ ತೂತು. ಕಾಗದಗಳನ್ನು ಯಾರೂ ಒಯ್ದಿರಲಿಲ್ಲ. ನೆಲದ ಮೇಲೆ ಪಾಸ್‌ಪೋರ್ಟಿನ ರಿಜಿಸ್ಟರು ಮಗುಚಿಕೊಂಡು ಬಿದ್ದಿತ್ತು. ಜುಲೈ ಇಪ್ಪತ್ತಾರು, ಮೋರಿಸನ ಸಹಿ, ಆ ಚಂದದ ಬಳ್ಳಿಯಂಥ ಸಹಿ. ಪಕ್ಕದ ಕಾಲಮಿನಲ್ಲಿ ಪ್ರಯಾಣದ ದಿನ: ಆಗಸ್ಟ್ ಒಂದು. ಕೆಳಗೆ ಖಾಲಿ ಗೆರೆ. ಸೇಸಪ್ಪ ಆ ಖಾಲಿ ಗೆರೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಿತ್ತುಹಾಕಿದ ಡ್ರಾಯರಿನ ಮೂಲೆಯಲ್ಲಿ ರಬ್ಬರ್ ಬ್ಯಾಂಡಿನೊಳಗೆ ತನ್ನ ಪಾಸ್‌ಪೋರ್ಟು ಸಿಕ್ಕಿತು, ಒಂದು ಮೂಲೆಯೂ ಮಡಚದೆ, ಯಾರೂ ಮುಟ್ಟದೆ, ಯಾರೂ ಕೇಳದೆ. ಅದು ಕಳೆದುಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆಗ ನನ್ನ ಪಾಸ್‌ಪೋರ್ಟು ಕಳೆದ ಪಾಪಿ ಎಂದು ಬಾಯಿ ತುಂಬ ಬೈಯಬಹುದಿತ್ತು. ಈಗ ಯಾವ ನಷ್ಟದ ಹೆಸರು ಹೇಳಿ ಬೈಯುವುದು. ಇಪ್ಪತ್ತಾರರಿಂದ ಒಂದರ ತನಕ ಆರು ಸಂಜೆ ಅವನು ಜೇಬಿನಲ್ಲಿ ಪಾಸ್‌ಪೋರ್ಟು ಇಟ್ಟುಕೊಂಡೇ ಇವನ ಮಂಚದ ಮೇಲೆ ಕೂತು ಪೋರ್ಟ್ ಕ್ಲಾರಾದ ಪುಟಗಳನ್ನು ಓದಿದ್ದ. ಸೊಳ್ಳೆಗೆ ಏನು ಹಚ್ಚುವುದು, ಒದ್ದೆ ಬಟ್ಟೆ ಎಲ್ಲಿ ಒಣಗಿಸುವುದು, ಮೇಲಿನ ಮಂಚ ಯಾರಿಗೆ, ಕೆಳಗಿನದು ಯಾರಿಗೆ. “ಮೇಲಿನದ್ದು ನಂಗೆ, ನೀನು ನಿದ್ದೆಯಲ್ಲಿ ಬೀಳ್ತೀಯ,” ಎಂದು ನಗಿಸಿದ್ದ.

ಯುದ್ಧದ ಸುಳಿವು ಸಿಕ್ಕಿ ಓಡಿದ್ದರೆ ಸೇಸಪ್ಪ ಕ್ಷಮಿಸಿಬಿಡುತ್ತಿದ್ದ. ಜೀವದ ಹೆದರಿಕೆಗೆ ಯಾರು ಏನು ಹೇಳಲು ಸಾಧ್ಯ. ಆದರೆ ಜುಲೈ ಇಪ್ಪತ್ತಾರಕ್ಕೆ ಯಾರಿಗೆ ಏನು ಗೊತ್ತಿತ್ತು, ಪೇಪರಿನಲ್ಲಿ ಓದಿದವರೂ ಅದನ್ನು ಮಡಚಿ ಅದರ ಮೇಲೆ ಊಟ ಮಾಡುತ್ತಿದ್ದರು. ಕಾರಣ ಪುಸ್ತಕದಲ್ಲೇ ಇತ್ತು. ಮೋರಿಸ್ ಅದನ್ನು ಬಿಟ್ಟುಹೋಗಿದ್ದ, ಬಾಯಿಪಾಠ ಆಗಿತ್ತೇನೋ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊತ್ತು ಹೋಗದೆ ಸೇಸಪ್ಪ ಮೊದಲಿಂದ ಓದತೊಡಗಿದಾಗ ನಲವತ್ತನೇ ಪುಟದಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಕಂಡಿತು. ಜೊತೆಗಾರ ನಿಮಗೆ ಹೊಂದುವವನಲ್ಲ ಅನ್ನಿಸಿದರೆ ಹೊರಡುವ ಮೊದಲೇ ಬೇರೆಯಾಗಿ, ಇಬ್ಬರ ರಜೆಯೂ ಹಾಳಾಗುವುದು ತಪ್ಪುತ್ತದೆ. ಗೆರೆ ನೆಟ್ಟಗಿತ್ತು, ಮೋರಿಸ್ ಯಾವಾಗಲೂ ಎಳೆಯುವ ಹಾಗೆ ಸ್ಕೇಲ್ ಇಟ್ಟು ಎಳೆದದ್ದು. ಆಗ ಅವನಿಗೆ ಸಾಲ್ಮಿಯಾದ ಕಡಲತೀರದ ಆ ಶುಕ್ರವಾರ ನೆನಪಾಯಿತು. ಅಭ್ಯಾಸವಾಗಲಿ ಎಂದು ಮೋರಿಸ್ ಕರೆದುಕೊಂಡು ಹೋಗಿದ್ದ. ಕಡಲ ಪಕ್ಕದಲ್ಲೇ ಹುಟ್ಟಿದರೂ ಸೇಸಪ್ಪನಿಗೆ ಈಜು ಬಾರದು. ಪ್ಯಾಂಟು ಮೊಣಕಾಲಿನ ತನಕ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಮೋರಿಸನ ವಾಚು, ಬಟ್ಟೆ ಕಾಯುತ್ತ ನೀರಿನಂಚಿನಲ್ಲಿ ನಿಂತಿದ್ದ. ಒದ್ದೆ ಮೈಯಲ್ಲಿ ಮೇಲೆ ಬಂದ ಮೋರಿಸ್ ಅವನನ್ನು ಕಾಲಿಂದ ತಲೆಯ ತನಕ ನೋಡಿ, “ಮಾರಾಯ, ಅಲ್ಲಿ ನೀನು ಹೀಗೆ ನಿಂತರೆ ನಿನ್ನನ್ನು ವಾಚ್‌ಮನ್ ಅಂತ ತಿಳ್ಕೊಂಡಾರು,” ಎಂದಿದ್ದ. ಇಬ್ಬರೂ ನಕ್ಕಿದ್ದರು. ಸೇಸಪ್ಪ ಸ್ವಲ್ಪ ಹೆಚ್ಚೇ ನಕ್ಕಿದ್ದ. ಅವನಿಗೆ ನಾನು ಬೇಡವಾಗಿದ್ದೆ. ಇಷ್ಟೇ ವಿಷಯ. ಇಷ್ಟನ್ನು ಅವನು ಹೇಳಬಹುದಿತ್ತು, ನಾನು ಊರಿಗೆ ಹೋಗುತ್ತಿದ್ದೆ, ಚಂಪಾ ಬಡಿಸಿದ್ದನ್ನು ಉಂಡು ಮಲಗುತ್ತಿದ್ದೆ. ಈಗ ಪೋರ್ಟ್ ಕ್ಲಾರಾದಲ್ಲಿ ಡ್ರಮ್ಮಿನ ಸುತ್ತ ಕೂತವರಿಗೆ ಅವನು ಹೇಳುತ್ತಿರಬಹುದು, ನನ್ನ ಜೀವದ ಗೆಳೆಯ ಕುವೈತಿನಲ್ಲಿ ಸಿಕ್ಕಿಕೊಂಡಿದ್ದಾನೆ ಎಂದು. ಬಿಳಿಯ ಹುಡುಗಿಯರು ಅವನ ಹೆಗಲಿನ ಮೇಲೆ ಕೈಯಿಟ್ಟಿರಬಹುದು. ಆ ಕಥೆಗೂ ನಾನೇ ಬೇಕಾಯಿತು. “ಯಲ್ಲಾ ಭಾಯಿ, ಮುಂದೆ ನಡಿ,” ಎಂದು ಹಿಂದಿನವನು ಚೀಲವನ್ನು ತಳ್ಳಿದ. ಎದುರಿಗೆ ಒಂದೂ ಬೆನ್ನು ಉಳಿದಿರಲಿಲ್ಲ.

ಹತ್ತು ಕುಬ್ಬೂಸ್ ಸಿಕ್ಕಿತು. ಬಿಸಿ ಚೀಲದ ಬಟ್ಟೆ ದಾಟಿ ಬೆನ್ನಿಗೆ ತಾಗುತ್ತಿತ್ತು, ಯಾರೋ ಕೈಯಿಟ್ಟ ಹಾಗೆ. ಅವನು ಬೇಗ ಬೇಗ ನಡೆದ. ಮೊನ್ನೆ ಶಾಲೆಯಲ್ಲಿ ನಡೆದದ್ದನ್ನು ಮಾತ್ರ ನೆನೆಯಬಾರದು ಎಂದುಕೊಂಡ, ಹಾಗೆಂದುಕೊಂಡ ಕೂಡಲೇ ಮೊಯ್ದೀನ್ ಕುಂಞಿಯ ಮುಖ ಎದುರಿಗೆ ಬಂದು ನಿಂತಿತು. ಊರಿನವರ ಹೆಸರು ಬರೆದುಕೊಂಡು ಬಸ್ಸು ಹತ್ತಿಸುವ ಕೆಲಸಕ್ಕೆ ತಾನಾಗಿ ನಿಂತಿದ್ದ ಬಂಟ್ವಾಳದ ಮನುಷ್ಯ, ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಬಾವಾನ ಪಾಸ್‌ಪೋರ್ಟೂ ಸೇಸಪ್ಪನ ಜೇಬಿನಲ್ಲೇ ಇತ್ತು. ಬಾವಾನ ಬಲಗಾಲಿನ ಹುಣ್ಣು ಸಕ್ಕರೆ ಕಾಯಿಲೆಯಿಂದ ಮಾಯುತ್ತಿರಲಿಲ್ಲ, ಸಾಲಿನಲ್ಲಿ ನಿಲ್ಲಲು ಆಗದೆ ಅದನ್ನು ಇವನ ಕೈಗೆ ಕೊಟ್ಟು, “ನಂದೂ ನೀನೇ ಬರೆಸು ಮಾರಾಯ,” ಎಂದಿದ್ದ. ಹತ್ತು ದಿನ ಅಲೆದ ಮೇಲೆ ಮೊನ್ನೆ ಸರದಿ ಬಂತು. ಮೊಯ್ದೀನ್ ಕುಂಞಿ ಪುಸ್ತಕದಿಂದ ತಲೆಯೆತ್ತದೆ ಹೇಳಿದ: “ಗುರುವಾರದ ಬಸ್ಸಿಗೆ ಒಂದು ಸೀಟು ಉಂಟು. ಇಬ್ಬರು ಮೂವರು ಅಂತಾದ್ರೆ ಮುಂದಿನ ಬಸ್ಸು. ಅದು ಯಾವಾಗ ಬರ್ತದೆ, ಬರ್ತದಾ ಇಲ್ವಾ, ನನ್ನ ಹತ್ರ ಕೇಳ್ಬೇಡಿ. ಎಷ್ಟು ಜನ ನೀವು?” ಸೇಸಪ್ಪನ ಬೆರಳುಗಳು ಜೇಬಿನಲ್ಲಿ ಎರಡು ಪಾಸ್‌ಪೋರ್ಟುಗಳನ್ನೂ ಹಿಡಿದಿದ್ದವು. ಯಾವುದು ಯಾರದೆಂದು ಮುಟ್ಟಿದರೇ ಗೊತ್ತಾಗುತ್ತಿತ್ತು, ಬಾವಾನದು ಎಣ್ಣೆ ಕುಡಿದು ಮೆತ್ತಗಾಗಿತ್ತು. “ಒಬ್ಬ,” ಎಂದ.

ಹಾಗೆ ಹೇಳಿದ್ದಕ್ಕೆ ಕಾರಣಗಳನ್ನು ಅವನು ಸಾಲಾಗಿ ಜೋಡಿಸಿಕೊಂಡಿದ್ದ. ಆ ಕಾಲಿನಲ್ಲಿ ಬಾವಾ ಎರಡು ಸಾವಿರ ಕಿಲೋಮೀಟರ್ ಕೂರುವುದುಂಟೇ, ದಾರಿಯಲ್ಲೇ ಏನಾದರೂ ಆದರೆ ಯಾರು ಹೊಣೆ, ನಾನು ಊರಿಗೆ ಹೋಗಿ ಅವನ ಮನೆಗೆ ಸುದ್ದಿಯಾದರೂ ಮುಟ್ಟಿಸಬಹುದು. ಎಲ್ಲವೂ ಸರಿಯಾದ ಕಾರಣಗಳೇ. ಆದರೆ ಒಂದಕ್ಕೆ ಮಾತ್ರ ಕಾರಣ ಸಿಗುತ್ತಿರಲಿಲ್ಲ. ಮುಂದಿನ ಬಸ್ಸಿಗೆ ಬಾವಾನ ಹೆಸರನ್ನು ಬರೆಸಬಹುದಿತ್ತಲ್ಲ. ಬಾಯಿ ತೆರೆದದ್ದು ನಿಜ. ಬರೆಸಿದರೆ ಮೊಯ್ದೀನ್ ಕುಂಞಿ ತಲೆಯೆತ್ತಿ ನೋಡುತ್ತಿದ್ದ: ಹಾಗಾದರೆ ಮುದುಕರನ್ನು ಬಿಟ್ಟು ನೀವು ಹೋಗುದಾ? ಆ ಒಂದು ನೋಟಕ್ಕೆ ಹೆದರಿ ಅವನು ಬಾವಾ ಎಂಬ ಮನುಷ್ಯನೇ ಇಲ್ಲವೆಂದು ಮಾಡಿ ಹೊರಬಂದ. ಸಣ್ಣ ನಾಚಿಕೆ ತಪ್ಪಿಸಿಕೊಳ್ಳಲು ಹೋಗಿ ದೊಡ್ಡದನ್ನೇ ಮಾಡಿಕೊಂಡ. ಮರುದಿನ ಮೊಯ್ದೀನ್ ಕುಂಞಿಯ ಬಳಿ ಹೋಗಿ ತಿದ್ದಬಹುದಿತ್ತು. ನಿನ್ನೆ ಹೋಗಲಿಲ್ಲ. ಇವತ್ತು ಬಸ್ಸು ಹತ್ತುವಾಗ ಹೇಳಿದರಾಯಿತು ಎಂದುಕೊಳ್ಳುತ್ತಿದ್ದ, ಹೇಳುವುದಿಲ್ಲ ಎಂದೂ ಗೊತ್ತಿತ್ತು.

ಅಂಗಡಿಯ ಶಟರು ಅರ್ಧ ಎಳೆದಿತ್ತು. ಒಳಗೆ ಖಾಲಿ ಕಪಾಟುಗಳ ನಡುವೆ ಅಹ್ಮದ್ ಬಾವಾ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಗೋಡೆಯ ಗಡಿಯಾರ ನೋಡುತ್ತಿದ್ದ. ಬ್ಯಾಂಡೇಜು ಸುತ್ತಿದ ಕಾಲು ಯಾವಾಗಲೂ ಹಳೆ ಗೋಣಿಗಳ ಮೂಟೆಯ ಮೇಲಿರುತ್ತಿತ್ತು. ಈಗ ಕೆಳಗೆ ಇಳಿಬಿಟ್ಟಿತ್ತು, ಪಾದ ಬಾತು ಹೊಳೆಯುತ್ತಿತ್ತು. “ಮಾತಾಡ್ಬೇಡ, ಇನ್ನು ನಾಲ್ಕು ನಿಮಿಷ ಉಂಟು,” ಎಂದ. ಸೇಸಪ್ಪ ಚೀಲ ಇಳಿಸದೆ ನಿಂತ. ನಾಲ್ಕು ನಿಮಿಷ ಕಳೆದ ಮೇಲೆ ಬಾವಾ ಎರಡೂ ಕೈಯಿಂದ ಕಾಲನ್ನು ಎತ್ತಿ ಮೂಟೆಯ ಮೇಲಿಟ್ಟು ಉಸಿರು ಬಿಟ್ಟ. ಮುಖದಲ್ಲಿ ಪರೀಕ್ಷೆ ಪಾಸಾದವನ ಗೆಲುವಿತ್ತು. “ಒಂದೂವರೆ ಗಂಟೆ. ಮೊನ್ನೆ ಒಂದು ಗಂಟೆಗೇ ಜೀವ ಹೋಗ್ತಿತ್ತು. ಹೀಗೇ ಅಭ್ಯಾಸ ಮಾಡಿದ್ರೆ ಬಸ್ಸಿನಲ್ಲಿ ಯಾರಿಗೂ ತೊಂದರೆ ಇಲ್ಲ ನೋಡು. ನಮ್ಮ ಹೆಸರು ಬಂತಾ?”

“ಇಲ್ಲ ಬಾವಾಕ. ಕೇಳ್ಬೇಕು.”

“ಬರ್ತದೆ. ಮಿಸ್ರಿಯಾಳಿಗೆ ಒಂಬತ್ತನೇ ತಿಂಗಳು. ಹೆರಿಗೆಗೆ ಮೊದಲು ಮುಟ್ಟಿದ್ರೆ ಸಾಕು ನಂಗೆ.” ಮಿಸ್ರಿಯಾ ಬಾವಾನ ಮಗಳು, ಉಳ್ಳಾಲದಲ್ಲಿ. “ಆ ಪುಸ್ತಕದಲ್ಲಿ ಎಂತ ಹೇಳಿದ್ದಾನೆ ಕಾಲಿಗೆ? ಉದ್ದ ದಾರಿಗೆ?”

ಮಧ್ಯಾಹ್ನಗಳಲ್ಲಿ ಸೇಸಪ್ಪ ಪೋರ್ಟ್ ಕ್ಲಾರಾದ ಪುಟಗಳನ್ನು ಬಾವಾನಿಗೆ ಓದಿ ಹೇಳುವುದು ರೂಢಿಯಾಗಿತ್ತು. ಸಿಟ್ಟಿನಿಂದ ಹರಿದು ಒಲೆಗೆ ಹಾಕಲು ಹೊರಟಿದ್ದ ಪುಸ್ತಕವನ್ನು ಉಳಿಸಿದವನೇ ಬಾವಾ. ಅವನಿಗೆ ಆ ಊರಿನ ಮೀನು ಯಾವ್ಯಾವುದು, ತೆಂಗಿನಕಾಯಿ ಎಷ್ಟು ದಪ್ಪ, ಡ್ರಮ್ಮು ಬಾರಿಸುವವರಿಗೆ ಹಗಲು ಕೆಲಸ ಎಂತದ್ದು, ಎಲ್ಲ ಬೇಕು.

“ನೀರು ಹೆಚ್ಚು ಕುಡೀಬೇಕಂತೆ. ಆಗಾಗ ಪಾದ ತಿರುಗಿಸ್ಬೇಕಂತೆ.”

“ಒಳ್ಳೆ ಮನುಷ್ಯ ಬರ್ದದ್ದು. ಒಂದೇ, ಮಂಚಕ್ಕೆ ಬಾಡಿಗೆ ಕೊಟ್ಟು ಎಂಟು ಜನರೊಟ್ಟಿಗೆ ಮಲಗುದು ಅಂತ ಹೇಳಿದ್ದಾನಲ್ಲ, ಅದು ಮಾತ್ರ ಹುಚ್ಚು.” ಬಾವಾ ಕುಲುಕಿ ಕುಲುಕಿ ನಕ್ಕ. ಅದೇ ಮಾತಿಗೆ ತಾನೂ ನಕ್ಕದ್ದು ಸೇಸಪ್ಪನಿಗೆ ನೆನಪಾಯಿತು. ಈ ಮುದುಕನೊಬ್ಬನ ಜೊತೆ ಆ ಊರಿಗೆ ಹೋಗಿದ್ದರೆ ಎಷ್ಟು ಸುಖವಿತ್ತು. ನೀರಿನಂಚಿನಲ್ಲಿ ಇಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲಬಹುದಿತ್ತು, ವಾಚ್‌ಮನ್ನುಗಳ ಹಾಗೆ.

ಬಾವಾ ಕೈಕಾಲು ಮುಖ ತೊಳೆಯಲು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋದ. ಆ ಹೊತ್ತಿಗಾಗಿಯೇ ಸೇಸಪ್ಪ ಕಾದಿದ್ದ. ಕುಬ್ಬೂಸ್ ತೆಗೆದು ಮೇಜಿನ ಮೇಲಿಟ್ಟು, ಎರಡನ್ನು ಮಾತ್ರ ಚೀಲದಲ್ಲಿ ಉಳಿಸಿಕೊಂಡ. ಆಮೇಲೆ ಒಂದನ್ನು ವಾಪಸು ಇಟ್ಟ. ಬಾವಾನ ಪಾಸ್‌ಪೋರ್ಟನ್ನು ಎಲ್ಲಿಡುವುದೆಂದು ನಿನ್ನೆಯಿಂದ ಲೆಕ್ಕ ಹಾಕಿದ್ದ. ಮೇಜಿನ ಮೇಲಿಟ್ಟರೆ ಈಗಲೇ ಕಾಣುತ್ತದೆ. ದಿಂಬಿನ ಕೆಳಗಿಟ್ಟರೆ ವಾರವಾದರೂ ಕಾಣಲಿಕ್ಕಿಲ್ಲ, ಒಯ್ದನೆಂದು ತಿಳಿದಾನು. ಅಷ್ಟು ಕೆಟ್ಟವನು ತಾನಲ್ಲ. ಮಧ್ಯಾಹ್ನಕ್ಕೆ ಯಾವಾಗಲೂ ಕುಬ್ಬೂಸ್, ರಾತ್ರಿಗೆ ಮಾತ್ರ ಒಂದು ಹಿಡಿ ಅನ್ನ. ಅಕ್ಕಿಡಬ್ಬಿಯ ಮುಚ್ಚಳ ಬಿಗಿ, ಚಮಚ ಹಾಕಿ ಮೀಟಿ ತೆಗೆಯಬೇಕು. ತೆಗೆದು, ಮೆತ್ತಗಿನ ಆ ಪುಟ್ಟ ಪುಸ್ತಕವನ್ನು ಅಕ್ಕಿಯೊಳಗೆ ಬೆರಳಿನ ಆಳಕ್ಕೆ ಇಳಿಸಿ, ಮೇಲೆ ಅಕ್ಕಿ ಸರಿ ಮಾಡಿ ಮುಚ್ಚಿದ. ರಾತ್ರಿ ಬಾವಾ ಅಳೆಯುವಾಗ ಸಿಗುತ್ತದೆ. ಆಗ ಬಸ್ಸು ಬಸ್ರಾ ದಾಟಿರುತ್ತದೆ. ಪೋರ್ಟ್ ಕ್ಲಾರಾದ ಪುಸ್ತಕವನ್ನು ಡಬ್ಬಿಯ ಪಕ್ಕದಲ್ಲಿಟ್ಟ, ಅದನ್ನು ಬಾವಾನೇ ಇಟ್ಟುಕೊಳ್ಳಲಿ ಎಂದು. ಓದಿ ಹೇಳಲು ಯಾರೂ ಇಲ್ಲ ಎಂಬುದು ಇಟ್ಟ ಮೇಲೆ ಹೊಳೆಯಿತು.

ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಬಾವಾ ಒದ್ದೆ ಮುಖ ಒರೆಸಿಕೊಳ್ಳುತ್ತ ಬಂದು ಅವನ ಬೆನ್ನಿನ ಚೀಲ ನೋಡಿದ. “ಮತ್ತೆ ಎಲ್ಲಿಗೆ?”

“ಶಾಲೆಗೆ. ಹೆಸರು ಬಂತಾ ಅಂತ ಕೇಳ್ಲಿಕ್ಕೆ.”

“ಚೀಲ ಹೊತ್ತೇ ಹೋಗು. ಈರುಳ್ಳಿ ಎಲ್ಲಾದ್ರೂ ಸಿಕ್ಕಿದ್ರೆ ಹಾಕ್ಕೊಂಡು ಬಾ.”

ಅನುಮಾನದ ಒಂದು ಎಳೆಯೂ ಇಲ್ಲದ ಆ ಕಣ್ಣುಗಳನ್ನು ನೋಡಲಾರದೆ ಸೇಸಪ್ಪ ಶಟರಿನ ಕೆಳಗೆ ಬಾಗಿದ. ಬಾಗಿದಲ್ಲೇ ನಿಂತ. ಇಷ್ಟು ದಿನ ಒಂದು ಮಾತನ್ನು ಹಿಡಿದುಕೊಂಡು ಅವನು ಮೋರಿಸನನ್ನು ಶಪಿಸಿದ್ದ. ಅದೇ ಮಾತು ಈಗ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನೊಂದು ಹೇಳುವುದಿಲ್ಲ ಎಂದು ನಿಶ್ಚಯಿಸಿದ. ಬೇರೆ ಏನು ಮಾಡಿದರೂ ಅದೊಂದನ್ನು ಮಾತ್ರ ಮಾಡುವುದಿಲ್ಲ. ತಿರುಗಿ ನೆಟ್ಟಗೆ ನಿಂತು, ಬಾವಾನ ಮುಖ ನೋಡಿ, “ಹೋಗ್ತೇನೆ ಬಾವಾಕ,” ಎಂದ. ಕಿವಿಗೆ ಅದು ಯಾರೋ ಸತ್ತ ಸುದ್ದಿಯ ಹಾಗೆ ಕೇಳಿಸಿತು. ಇಷ್ಟು ಹೇಳಿದರೆ ಸಾಕು, ಇದರಲ್ಲಿ ಎಲ್ಲ ಇದೆ, ಬಾವಾನಿಗೆ ತಿಳಿಯುತ್ತದೆ, ಕೇಳುತ್ತಾನೆ, ಕೇಳಿದರೆ ಹೇಳಿಬಿಡುತ್ತೇನೆ.

ಬಾವಾನ ಮುಖ ಗಂಟಿಕ್ಕಿತು. “ಹೋಗ್ತೇನೆ ಅಂತ ಹೇಳುದಾ ಮಾರಾಯ, ಹೊರಡುವಾಗ? ಅದೂ ಇಂಥ ದಿನದಲ್ಲಿ, ಹೊರಗೆ ಬಂದೂಕು ಹಿಡಿದು ನಿಂತಿರುವಾಗ? ನಿನ್ನ ಅಪ್ಪ ಅಮ್ಮ ಇಷ್ಟು ಕಲಿಸ್ಲಿಲ್ವಾ?” ಸೇಸಪ್ಪ ಹೆಗಲಪಟ್ಟಿ ಎಳೆದುಕೊಂಡ. “ಬರ್ತೇನೆ ಅಂತ ಹೇಳು.”

“ಬಾವಾಕ...”

“ಹೇಳು. ಹೇಳದೆ ನಾನು ಬಿಡುದಿಲ್ಲ.”

“ಬರ್ತೇನೆ,” ಎಂದ ಸೇಸಪ್ಪ.

“ಹಾಂ, ಬಾ.” ಮುದುಕನಿಗೆ ಸಮಾಧಾನವಾಯಿತು. “ಬೇಗ ಬಾ. ಕುಬ್ಬೂಸ್ ತಿಂದು ತಿಂದು ನಾಲಿಗೆ ಸತ್ತು ಹೋಗಿದೆ. ಇವತ್ತು ಈಗಲೇ ಅನ್ನಕ್ಕೆ ಇಡ್ತೇನೆ, ಇಬ್ಬರಿಗೂ.”

ಓಣಿಯ ಬಿಸಿಲು ಕಣ್ಣು ಕುಕ್ಕಿತು. ಸೇಸಪ್ಪ ಎದೆಯ ಕೊಕ್ಕೆ ಹಾಕಿಕೊಂಡ, ಸೊಂಟದ ಬೆಲ್ಟು ಬಿಗಿದುಕೊಂಡ, ಭಾರ ಹೆಗಲಿನಿಂದ ಇಳಿದು ಸೊಂಟಕ್ಕೆ ಬರಬೇಕೆಂದು ಪುಸ್ತಕ ಹೇಳಿದ ಹಾಗೆ. ಓಡಬಾರದು, ಓಡಿದರೆ ಸಿಪಾಯಿಗಳು ನಿಲ್ಲಿಸುತ್ತಾರೆ. ಇಪ್ಪತ್ತು ಹೆಜ್ಜೆಯಾಗಿತ್ತೋ ಏನೋ, ಹಿಂದಿನಿಂದ ಚಮಚ ತಗಡಿಗೆ ತಾಗಿದ ಸದ್ದು ಕೇಳಿಸಿತು, ಆಮೇಲೆ ಮುಚ್ಚಳ ಬಿಟ್ಟುಕೊಂಡ ಸದ್ದು. ಆಮೇಲೆ ಏನೂ ಇಲ್ಲ. ಲೋಟ ಅಕ್ಕಿಯೊಳಗೆ ಇಳಿಯುವ ಆ ಕರಕರವೂ ಇಲ್ಲ. ಓಣಿಯ ಕೊನೆಯಲ್ಲಿ ಕಾವಲಿನವನು ಅವನ ಗುರುತು ಹಿಡಿದು ಕೈಯೆತ್ತಿದ.

“ಸೇಸಪ್ಪಾ,” ಎಂದು ಬಾವಾ ಒಳಗಿನಿಂದ ಕರೆದ. ಸಿಟ್ಟಿನ ದನಿಯಲ್ಲ, ಕೂಗೂ ಅಲ್ಲ. ಮನೆಯಲ್ಲಿ ಯಾರೋ ಏನೋ ತೋರಿಸಬೇಕೆಂದು ಕರೆದ ಹಾಗಿತ್ತು.

“ಬಂದೆ,” ಎಂದ ಸೇಸಪ್ಪ. ಹುಟ್ಟಿದಾಗಿನಿಂದ ಕರೆದವರಿಗೆಲ್ಲ ಹೇಳಿ ಹೇಳಿ ರೂಢಿಯಾದ ಬಾಯಿ ಅದು, ತಾನಾಗಿಯೇ ಹೇಳಿತು. ಕಾಲು ಸಾಲ್ಮಿಯಾದ ಕಡೆಗೆ ನಡೆಯುತ್ತಲೇ ಇತ್ತು.